ಅತಿಥಿಗೆ ತಲುಪುವ ಸುದ್ದಿ: ಜಪಾನಿಗೆ ಬಂದ ಪ್ರವಾಸಿಗರು ಮತ್ತು ಅಲ್ಲಿನ ಸಂಪರ್ಕ ಮಾಧ್ಯಮಗಳು



ಇಂದಿನ ದತ್ತಿ ಉಪನ್ಯಾಸದ ವಿಷಯ, ಹೊರದೇಶಕ್ಕೆ ಹೋದ ಪ್ರವಾಸಿಗೆ ಅಲ್ಲಿ ಒದಗುವ ಸಂಪರ್ಕ ಸಾಧನಗಳು ಮತ್ತು ಸುದ್ದಿ ಮಾಧ್ಯಮಗಳು. ಪ್ರವಾಸವೆಂದರೆ ಸಾಮಾನ್ಯವಾಗಿ ನೆನಪಾಗುವುದು ನೋಡುವ ತಾಣ, ಉಳಿಯುವ ವಸತಿ, ಓಡಾಡುವ ವಾಹನ. ಆದರೆ ಇವೆಲ್ಲಕ್ಕೂ ಆಧಾರವಾಗಿ ನಿಂತಿರುವ ಮಾಹಿತಿಯ ವ್ಯವಸ್ಥೆಯ ಕಡೆಗೆ ಗಮನ ಹೋಗುವುದು ಅದು ಕೈಕೊಟ್ಟಾಗ ಮಾತ್ರ. ಈ ಉಪನ್ಯಾಸದಲ್ಲಿ ಸಂಪರ್ಕ ಎಂಬ ಮಾತನ್ನು ಪ್ರವಾಸಿಯು ತನ್ನ ಮನೆಯೊಡನೆ ಮತ್ತು ಆತಿಥೇಯ ದೇಶದ ಜನರೊಡನೆ ನಡೆಸುವ ವ್ಯವಹಾರಕ್ಕೂ, ಮಾಧ್ಯಮ ಎಂಬ ಮಾತನ್ನು ಆ ದೇಶವು ಅವನಿಗೆ ಸುದ್ದಿ, ಸೂಚನೆ ಮತ್ತು ಎಚ್ಚರಿಕೆಗಳನ್ನು ಮುಟ್ಟಿಸುವ ಪತ್ರಿಕೆ, ಬಾನುಲಿ, ದೂರದರ್ಶನ, ಫಲಕ ಮುಂತಾದ ಎಲ್ಲ ಸಾಧನಗಳಿಗೂ ಬಳಸಲಾಗಿದೆ.

ವಿಷಯ ವಿಸ್ತಾರವಾದುದರಿಂದ ಅದನ್ನು ಜಪಾನ್ ಎಂಬ ಒಂದೇ ದೇಶಕ್ಕೆ ಸೀಮಿತಗೊಳಿಸಿಕೊಳ್ಳಲಾಗಿದೆ. ಈ ಆಯ್ಕೆಗೆ ಕಾರಣವಿದೆ. ಸಂಪರ್ಕ ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದೂ ಹೊರಗಿನಿಂದ ಬಂದವನಿಗೆ ಬಹುಕಾಲ ಮೂಕವಾಗಿಯೇ ಉಳಿದಿದ್ದ ದೇಶವದು. ಅನಂತರ ಸರಣಿ ವಿಕೋಪಗಳ ಒತ್ತಡದಿಂದಲೂ ಪ್ರವಾಸಿಗರ ಪ್ರವಾಹದಿಂದಲೂ ತನ್ನ ರೀತಿಯನ್ನು ತಿದ್ದಿಕೊಂಡ ದೇಶವೂ ಹೌದು. 2003ರಲ್ಲಿ ಸುಮಾರು 52 ಲಕ್ಷವಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 2013ರಲ್ಲಿ ಮೊದಲ ಬಾರಿಗೆ ಒಂದು ಕೋಟಿಯನ್ನು ದಾಟಿ, 2024ರಲ್ಲಿ ಸುಮಾರು 3.69 ಕೋಟಿಗೆ ಏರಿತು. ಇಷ್ಟು ಜನ ಅಲ್ಲಿನ ಭಾಷೆಯನ್ನು ಕಲಿತು ಬರುವುದು ಸಾಧ್ಯವಿಲ್ಲವೆಂದ ಮೇಲೆ, ಮಾಹಿತಿಯನ್ನು ಅತಿಥಿಗೆ ಮುಟ್ಟಿಸುವ ಹೊಣೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ಆ ಹೊಣೆ ಮುಖ್ಯವಾಗಿ ಆತಿಥೇಯ ದೇಶದ್ದು, ಮತ್ತು ತಂತ್ರಜ್ಞಾನ ತಾನಾಗಿಯೇ ಅದನ್ನು ನಿರ್ವಹಿಸಿಬಿಡುವುದಿಲ್ಲ ಎಂಬುದು ಈ ಉಪನ್ಯಾಸದ ಪ್ರತಿಪಾದನೆ. ಇದನ್ನು ನಾಲ್ಕು ಭಾಗಗಳಲ್ಲಿ ವಿವರಿಸಲಾಗುವುದು: ಮೊದಲನೆಯದು ಅಂಚೆ, ತಂತಿ ಮತ್ತು ದುಭಾಷಿಗಳ ಕಾಲ, ಎರಡನೆಯದು ದೂರವಾಣಿ ಮತ್ತು ಮೊಬೈಲಿನ ಕಾಲ, ಮೂರನೆಯದು ಊರನ್ನು ಓದಿಸುವ ಫಲಕ, ಚಿಹ್ನೆ ಮತ್ತು ಸುದ್ದಿ, ನಾಲ್ಕನೆಯದು ವಿಕೋಪದ ಹೊತ್ತಿನ ಎಚ್ಚರಿಕೆ.

1. ಅಂಚೆ, ತಂತಿ ಮತ್ತು ದುಭಾಷಿ

ಎರಡು ಶತಮಾನಗಳಿಗೂ ಹೆಚ್ಚು ಕಾಲ ಬಹುಪಾಲು ಮುಚ್ಚಿದ ಬಾಗಿಲಿನ ನೀತಿಯನ್ನು ಅನುಸರಿಸಿದ್ದ ಜಪಾನ್, 1858ರ ಒಪ್ಪಂದಗಳ ಫಲವಾಗಿ ಯೊಕೊಹಾಮಾ, ನಾಗಾಸಾಕಿ ಮೊದಲಾದ ಕೆಲವು ಬಂದರುಗಳನ್ನು ವಿದೇಶಿಯರಿಗೆ ತೆರೆಯಿತು. ಒಪ್ಪಂದದ ಬಂದರುಗಳೆಂದು ಕರೆಯಲಾಗುತ್ತಿದ್ದ ಈ ಊರುಗಳಲ್ಲಿ ನೆಲೆಸಿದ ಪಾಶ್ಚಾತ್ಯರು ಸಂಪರ್ಕದ ಏರ್ಪಾಡುಗಳನ್ನು ತಮಗೆ ತಾವೇ ಮಾಡಿಕೊಂಡರು. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಜಪಾನಿನ ನೆಲದಲ್ಲೇ ತಮ್ಮ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವು. ಆ ದೇಶದ ಮೊದಲ ಇಂಗ್ಲಿಷ್ ಪತ್ರಿಕೆ 1861ರಲ್ಲಿ ನಾಗಾಸಾಕಿಯಲ್ಲಿ ಹೊರಟಿತು, ಮತ್ತು ಹಡಗುಗಳ ಆಗಮನ, ನಿರ್ಗಮನ, ಸರಕುಗಳ ಜಾಹೀರಾತು ಮುಂತಾದವೇ ಅದರ ಮುಖ್ಯ ಸಾಮಗ್ರಿಯಾಗಿದ್ದವು. ಅಂದರೆ ಆರಂಭದಲ್ಲಿ ವಿದೇಶಿಯನ ಮಾಧ್ಯಮವು ವಿದೇಶಿಯನಿಂದ ವಿದೇಶಿಯನಿಗಾಗಿಯೇ ನಡೆಯುತ್ತಿತ್ತು.

ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಈ ಸ್ಥಿತಿಯನ್ನು ಬದಲಿಸಲು ಹೆಚ್ಚು ಸಮಯ ತೆಗೆದುಕೊಳ್ಳಲಿಲ್ಲ. 1871ರಲ್ಲಿ ಮಾಯೆಜಿಮಾ ಹಿಸೊಕಾ ಅವರ ನೇತೃತ್ವದಲ್ಲಿ ಆಧುನಿಕ ಅಂಚೆ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷ ಡೆನ್ಮಾರ್ಕಿನ ಒಂದು ಕಂಪನಿಯು ನಾಗಾಸಾಕಿಯನ್ನು ಶಾಂಘೈ ಮತ್ತು ವ್ಲಾಡಿವೊಸ್ಟಾಕ್‌ಗಳೊಡನೆ ಜೋಡಿಸುವ ಸಮುದ್ರದಡಿಯ ತಂತಿಯನ್ನು ಹಾಸಿತು. ದೇಶದೇಶಗಳ ನಡುವೆ ಕಾಗದಪತ್ರಗಳ ಸಾಗಾಟಕ್ಕೆ ಏಕರೂಪದ ನಿಯಮಗಳನ್ನು ರೂಪಿಸುವ ವಿಶ್ವ ಅಂಚೆ ಒಕ್ಕೂಟವನ್ನು ಜಪಾನ್ 1877ರಲ್ಲಿ ಸೇರಿತು. ಭಾರತ ಅದಕ್ಕೂ ಒಂದು ವರ್ಷ ಮೊದಲೇ ಸೇರಿತ್ತು. ತಮ್ಮ ಅಂಚೆಯನ್ನು ತಾವೇ ನೋಡಿಕೊಳ್ಳಬಲ್ಲೆವು ಎಂದು ಜಪಾನೀಯರು ತೋರಿಸಿಕೊಟ್ಟ ಮೇಲೆ ಬ್ರಿಟನ್ 1879ರಲ್ಲೂ ಫ್ರಾನ್ಸ್ 1880ರಲ್ಲೂ ತಮ್ಮ ಕಚೇರಿಗಳನ್ನು ಮುಚ್ಚಿದವು. ಹೀಗೆ ಪ್ರವಾಸಿಯು ಮನೆಗೆ ಬರೆಯುವ ಕಾಗದ ಮತ್ತು ಕಳಿಸುವ ತಂತಿ ಎರಡೂ ಹತ್ತು ವರ್ಷಗಳೊಳಗೆ ವಿಶ್ವಾಸಾರ್ಹವಾದವು.

ಆದರೆ ಬಂದರನ್ನು ಬಿಟ್ಟು ಒಳನಾಡಿಗೆ ಕಾಲಿಟ್ಟೊಡನೆ ಪರಿಸ್ಥಿತಿ ಬೇರೆಯಾಗುತ್ತಿತ್ತು. ಬಂದರಿನಿಂದ ಹತ್ತು ರಿ, ಅಂದರೆ ಸುಮಾರು 40 ಕಿಲೊಮೀಟರ್ ದೂರದ ಆಚೆಗೆ ಹೋಗಲು ವಿದೇಶಿಯನಿಗೆ ಪ್ರತ್ಯೇಕ ಒಳನಾಡ ರಹದಾರಿ ಬೇಕಾಗಿತ್ತು. 1878ರಲ್ಲಿ ಉತ್ತರ ಜಪಾನ್ ಮತ್ತು ಹೊಕ್ಕೈಡೊ ದ್ವೀಪದಲ್ಲಿ ಸಂಚರಿಸಿದ ಇಸಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಲೇಖಕಿಗೆ ಬ್ರಿಟಿಷ್ ರಾಯಭಾರಿಯ ಪ್ರಭಾವದಿಂದ ಸಾಕಷ್ಟು ಉದಾರವಾದ ರಹದಾರಿ ದೊರೆತಿತ್ತು. ಆದರೂ ಆಕೆಯ ಕಣ್ಣು ಕಿವಿಗಳಾಗಿದ್ದವನು ಇಟೊ ಎಂಬ ತರುಣ ದುಭಾಷಿ. ವಸತಿಯನ್ನು ಗೊತ್ತುಮಾಡುವುದು, ಕುದುರೆಗಳನ್ನು ಬಾಡಿಗೆಗೆ ಹಿಡಿಯುವುದು, ಊರಿನವರ ಮಾತನ್ನು ತಿಳಿಸುವುದು ಎಲ್ಲವೂ ಅವನ ಕೆಲಸವಾಗಿತ್ತು. ಹಣದ ವ್ಯವಹಾರದಲ್ಲಿ ಅವನು ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆಂದು ತಿಳಿದಿದ್ದರೂ ಆಕೆ ಅವನನ್ನು ಬಿಡುವ ಹಾಗಿರಲಿಲ್ಲ. ಒಬ್ಬನೇ ವ್ಯಕ್ತಿಯ ಮೂಲಕ ಇಡೀ ದೇಶವನ್ನು ಅರಿಯಬೇಕಾದ ಪ್ರವಾಸಿಯು ಆ ವ್ಯಕ್ತಿಯ ಜಾಣ್ಮೆಗೂ ಅವನ ಮಿತಿಗೂ ಒಟ್ಟಿಗೇ ಒಳಗಾಗುತ್ತಾನೆ ಎಂಬುದಕ್ಕೆ ಈ ಪ್ರಸಂಗ ಸ್ಪಷ್ಟ ನಿದರ್ಶನ.

ಈ ಅವಲಂಬನೆಯನ್ನು ಕಡಿಮೆ ಮಾಡಿದ್ದು ಅಚ್ಚಾದ ಮಾರ್ಗದರ್ಶಿ ಪುಸ್ತಕ. 1881ರಲ್ಲಿ ಸೇಟೊ ಮತ್ತು ಹಾಸ್ ಎಂಬಿಬ್ಬರು ಸಿದ್ಧಪಡಿಸಿದ ಕೈಪಿಡಿಯನ್ನು ಮುಂದೆ ಬೆಸಿಲ್ ಹಾಲ್ ಚೇಂಬರ್ಲೇನ್ ಮತ್ತು ಡಬ್ಲ್ಯು. ಬಿ. ಮೇಸನ್ ಹೊಸದಾಗಿ ರೂಪಿಸಿ 1891ರಲ್ಲಿ ಹೊರತಂದರು. ಚೇಂಬರ್ಲೇನ್ ಭಾಷಾ ವಿದ್ವಾಂಸ. ಮೇಸನ್ ಜಪಾನಿನ ಸರ್ಕಾರದಲ್ಲಿ ತಂತಿ ವಿದ್ಯೆಯನ್ನು ಕಲಿಸಲು ಬಂದವನು. ಭಾಷೆ ಮತ್ತು ತಂತಿ ಎರಡನ್ನೂ ಬಲ್ಲವರು ಕೂಡಿ ಬರೆದ ಈ ಕೈಪಿಡಿ ಒಂದು ತಲೆಮಾರಿನ ಪ್ರವಾಸಿಗರಿಗೆ ದಾರಿ ತೋರಿಸಿತು. 1897ರಲ್ಲಿ ಆರಂಭವಾದ ದಿ ಜಪಾನ್ ಟೈಮ್ಸ್ ಇನ್ನೊಂದು ತಿರುವನ್ನು ಸೂಚಿಸುತ್ತದೆ. ಇದು ತಮ್ಮ ದೇಶದ ವಿಚಾರವನ್ನು ಪರಕೀಯರಿಗೆ ತಾವೇ ಹೇಳಬೇಕೆಂದು ಜಪಾನೀಯರೇ ಇಂಗ್ಲಿಷಿನಲ್ಲಿ ಹೊರಡಿಸಿದ ಪತ್ರಿಕೆ. ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಭೇಟಿ ಕೊಟ್ಟದ್ದು ಇದರ ಮರುವರ್ಷ, 1898ರಲ್ಲಿ. ಆಗ ಇನ್ನೂ ಜಾರಿಯಲ್ಲಿದ್ದ ಒಳನಾಡ ರಹದಾರಿಯ ಪದ್ಧತಿ ಕೊನೆಗೊಂಡದ್ದು 1899ರಲ್ಲಿ. ಆ ದೇಶದ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಕಂಡು ವಿಶ್ವೇಶ್ವರಯ್ಯನವರು ಕಲಿತ ಪಾಠಗಳು ಮೈಸೂರು ಸಂಸ್ಥಾನಕ್ಕೆ ಎಷ್ಟು ಉಪಯೋಗವಾದವು ಎಂಬುದು ಈ ಸಭೆಗೆ ತಿಳಿಯದ ವಿಷಯವಲ್ಲ.

2. ಮುಂದುವರಿದ ತಂತ್ರಜ್ಞಾನ, ಮುಚ್ಚಿದ ಬಾಗಿಲು

ಇನ್ನು ಎರಡನೆಯ ಭಾಗಕ್ಕೆ, ದೂರವಾಣಿ ಮತ್ತು ಮೊಬೈಲಿನ ಕಾಲಕ್ಕೆ ಬರಬಹುದು. ಇಪ್ಪತ್ತನೆಯ ಶತಮಾನದ ಕೊನೆಗೆ ಜಪಾನ್ ಸಂಪರ್ಕ ಕ್ಷೇತ್ರದಲ್ಲಿ ಜಗತ್ತಿನ ಹಲವು ದೇಶಗಳಿಗಿಂತ ಮುಂದಿತ್ತು. ಮೊಬೈಲಿನಲ್ಲೇ ಅಂತರ್ಜಾಲದ ಸೇವೆಗಳನ್ನು ಒದಗಿಸುವ ಐ-ಮೋಡ್ ಎಂಬ ಏರ್ಪಾಡು 1999ರ ಫೆಬ್ರವರಿಯಲ್ಲಿ ಆರಂಭವಾಯಿತು; 2001ರ ಅಕ್ಟೋಬರಿನಲ್ಲಿ ಅಲ್ಲಿ ಮೂರನೆಯ ತಲೆಮಾರಿನ, ಅಂದರೆ ತ್ರೀ-ಜಿ, ವಾಣಿಜ್ಯ ಸೇವೆ ಶುರುವಾಯಿತು. ಇಂದು ಎಲ್ಲ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೂ ಕಾಣುವ ಕ್ಯೂಆರ್ ಕೋಡ್ ಕೂಡ 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ, ವಾಹನ ತಯಾರಿಕೆಯ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ, ರೂಪುಗೊಂಡದ್ದು.

ಆದರೂ ಆ ಕಾಲದಲ್ಲಿ ಭಾರತದಿಂದಲೋ ಯೂರೋಪಿನಿಂದಲೋ ಹೋದವನ ಮೊಬೈಲ್ ಫೋನು ಟೋಕಿಯೊದಲ್ಲಿ ಕೆಲಸಕ್ಕೆ ಬಾರದ ವಸ್ತುವಾಗಿತ್ತು. ಭಾರತ, ಯೂರೋಪು ಸೇರಿದಂತೆ ಜಗತ್ತಿನ ಹೆಚ್ಚಿನ ಭಾಗಗಳು ಜಿಎಸ್‌ಎಂ ಎಂಬ ಮಾನಕವನ್ನು ಒಪ್ಪಿಕೊಂಡಿದ್ದರೆ ಜಪಾನ್ 1993ರಿಂದ ಪಿಡಿಸಿ ಎಂಬ ತನ್ನದೇ ಮಾನಕವನ್ನು ಬಳಸುತ್ತಿತ್ತು. ಮಾನಕವೆಂದರೆ ಫೋನು ಮತ್ತು ಗೋಪುರಗಳು ಪರಸ್ಪರ ವ್ಯವಹರಿಸಲು ಮುಂಚಿತವಾಗಿ ಒಪ್ಪಿಕೊಂಡ ತಾಂತ್ರಿಕ ನಿಯಮಗಳ ಗುಂಪು. ಎರಡು ಕಡೆಯ ನಿಯಮ ಬೇರೆಯಾದರೆ ಉಪಕರಣ ಎಷ್ಟೇ ಬೆಲೆಬಾಳುವುದಾದರೂ ಮೂಕವೇ. ಆದ್ದರಿಂದ ಪ್ರವಾಸಿಗರು ವಿಮಾನ ನಿಲ್ದಾಣದಲ್ಲೇ ಬಾಡಿಗೆ ಫೋನು ಪಡೆದು, ಹಿಂದಿರುಗುವಾಗ ಅದನ್ನು ಅಲ್ಲೇ ಒಪ್ಪಿಸಿ ಹೋಗುತ್ತಿದ್ದರು. ಹೊರಜಗತ್ತಿನೊಡನೆ ಬೆರೆಯದೆ ತನ್ನಷ್ಟಕ್ಕೆ ತಾನೇ ವಿಕಾಸಗೊಂಡ ಈ ತಂತ್ರಜ್ಞಾನವನ್ನು ಜಪಾನೀಯರೇ, ಪೆಸಿಫಿಕ್ ಸಾಗರದ ಗಲಪಗೊಸ್ ದ್ವೀಪಗಳ ವಿಶಿಷ್ಟ ಜೀವಿಗಳನ್ನು ನೆನೆದು, ಗಲಪಗೊಸ್ ಫೋನು ಎಂದು ತಮಾಷೆಯಾಗಿ ಕರೆದರು. ಪಿಡಿಸಿ ಸೇವೆ ಪೂರ್ತಿಯಾಗಿ ನಿಂತದ್ದು 2012ರ ಮಾರ್ಚಿನಲ್ಲಿ.

ಮಾನಕದ ತೊಡಕು ನಿವಾರಣೆಯಾಗುವ ಹೊತ್ತಿಗೆ ಕಾನೂನಿನ ತೊಡಕು ಎದುರಾಯಿತು. ವೃದ್ಧರಿಗೆ ದೂರವಾಣಿ ಕರೆ ಮಾಡಿ, ಹೆಸರು ಹೇಳದೆ ಮಗನಂತೆಯೋ ಮೊಮ್ಮಗನಂತೆಯೋ ಮಾತನಾಡಿ ಹಣ ಕೀಳುವ ವಂಚನೆಗಳು ಹೆಚ್ಚಿದ್ದರಿಂದ, ಮೊಬೈಲ್ ಧ್ವನಿ ಸೇವೆಯ ದುರುಪಯೋಗವನ್ನು ತಡೆಯುವ ಕಾಯಿದೆಯೊಂದನ್ನು 2005ರಲ್ಲಿ ಅಂಗೀಕರಿಸಲಾಯಿತು. ಅದರಂತೆ ಗ್ರಾಹಕನ ಗುರುತು ಮತ್ತು ವಿಳಾಸಗಳ ಪರಿಶೀಲನೆ ಕಡ್ಡಾಯವಾಯಿತು. ಹದಿನೈದು ದಿನಕ್ಕೆಂದು ಬಂದವನಿಗೆ ಜಪಾನಿನಲ್ಲಿ ವಿಳಾಸವೆಲ್ಲಿಯದು? ಹೀಗಾಗಿ ಅಲ್ಲಿ ಪ್ರವಾಸಿಗೆ ಸುಲಭವಾಗಿ ಸಿಗುವ ಸಿಮ್ ಬಹುಮಟ್ಟಿಗೆ ಡೇಟಾ ಮಾತ್ರದ್ದು. ಅದರಲ್ಲಿ ನಕ್ಷೆ ನೋಡಬಹುದು, ವಾಟ್ಸ್‌ಆ್ಯಪ್ ಕರೆ ಮಾಡಬಹುದು, ಸ್ಥಳೀಯ ದೂರವಾಣಿ ಸಂಖ್ಯೆ ಮಾತ್ರ ಇರುವುದಿಲ್ಲ. ಇದರ ಗಂಭೀರ ಪರಿಣಾಮವೊಂದನ್ನು ಜಪಾನಿಗೆ ಹೊರಟವರೆಲ್ಲ ತಿಳಿದಿರಬೇಕು: ಪೊಲೀಸರ 110 ಮತ್ತು ಅಗ್ನಿಶಾಮಕ, ಆಂಬುಲೆನ್ಸುಗಳ 119 ಎಂಬ ತುರ್ತು ಸಂಖ್ಯೆಗಳಿಗೆ ಇಂಥ ಡೇಟಾ ಸಿಮ್ಮಿನಿಂದ ಕರೆ ಹೋಗುವುದಿಲ್ಲ. ಆಗ ನೆರವಿಗೆ ಬರುವುದು ಹೋಟೆಲಿನ ಸಿಬ್ಬಂದಿ, ದಾರಿಹೋಕರು, ಇಲ್ಲವೇ ಹಸಿರು ಅಥವಾ ಬೂದು ಬಣ್ಣದ ಸಾರ್ವಜನಿಕ ದೂರವಾಣಿ. ಅದರಲ್ಲಿ ಈ ಎರಡು ಸಂಖ್ಯೆಗಳಿಗೆ ನಾಣ್ಯವಿಲ್ಲದೆಯೇ ಕರೆ ಮಾಡಬಹುದು.

ಅಂತರ್ಜಾಲದ ವಿಷಯದಲ್ಲೂ ಹೀಗೆಯೇ ಆಯಿತು. ಪ್ರವಾಸಿಗರಿಗೆ ಯಾವ ಅನನುಕೂಲ ಹೆಚ್ಚು ಕಾಡುತ್ತದೆಂದು ಜಪಾನಿನ ಪ್ರವಾಸೋದ್ಯಮ ಇಲಾಖೆ 2011ರಲ್ಲಿ ಕೇಳಿ ನೋಡಿದಾಗ, ಉಚಿತ ಸಾರ್ವಜನಿಕ ವೈ-ಫೈ ಇಲ್ಲವೆಂಬ ದೂರು ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಸ್ವದೇಶದವರ ಬಳಿ ಉತ್ತಮ ಮೊಬೈಲ್ ಜಾಲವಿದ್ದುದರಿಂದ ಅದರ ಕೊರತೆ ಯಾರಿಗೂ ಕಂಡಿರಲೇ ಇಲ್ಲ. ಅನಂತರ ನಿಲ್ದಾಣಗಳು, ಅಂಗಡಿಗಳು, ನಗರಸಭೆಗಳು ವೈ-ಫೈ ಒದಗಿಸತೊಡಗಿದವು. ಜಪಾನಿನ ತಾಂತ್ರಿಕ ಮುದ್ರೆಯಿಲ್ಲದ ವಿದೇಶಿ ಫೋನನ್ನು ಅಲ್ಲಿ ಬಳಸುವುದಕ್ಕಿದ್ದ ಕಾನೂನಿನ ಅಡ್ಡಿಯನ್ನೂ 2016ರಲ್ಲಿ ಜಾರಿಗೆ ಬಂದ ಬಾನಲೆ ಕಾಯಿದೆಯ ತಿದ್ದುಪಡಿಯ ಮೂಲಕ, ಬಂದ ದಿನದಿಂದ 90 ದಿನಗಳವರೆಗೆ ಸಡಿಲಗೊಳಿಸಲಾಯಿತು. ತನ್ನ ಪ್ರಜೆಗಳಿಗೆ ಅತ್ಯುತ್ತಮ ಸೇವೆ ನೀಡುವ ದೇಶಕ್ಕೆ ಅತಿಥಿಯ ಕೊರತೆ ತಾನಾಗಿ ಕಾಣುವುದಿಲ್ಲ, ಅದನ್ನು ಕೇಳಿ ತಿಳಿಯಬೇಕಾಗುತ್ತದೆ ಎಂಬುದು ಈ ಭಾಗದಿಂದ ಹೊರಡುವ ತೀರ್ಮಾನ.

3. ಊರನ್ನು ಓದಿಸುವ ಕೆಲಸ

ಮೂರನೆಯ ಭಾಗದಲ್ಲಿ ಯಂತ್ರಗಳನ್ನು ಬದಿಗಿಟ್ಟು ಊರನ್ನೇ ಒಂದು ಮಾಧ್ಯಮವಾಗಿ ನೋಡುವುದು ಉಚಿತ. ಹೊಸ ಊರಿಗೆ ಬಂದವನು ಮೊದಲು ಓದುವುದು ಅಲ್ಲಿನ ಫಲಕಗಳನ್ನು. ಜಪಾನಿನಲ್ಲಿ ಈ ಓದು ಎರಡು ಕಾರಣಗಳಿಂದ ಕಷ್ಟ. ಮೊದಲನೆಯದು, ಚೀನೀ ಮೂಲದ ಸಾವಿರಾರು ಅಕ್ಷರಗಳ ಜೊತೆಗೆ ಎರಡು ಉಚ್ಚಾರಾನುಗುಣ ಲಿಪಿಗಳನ್ನೂ ಬಳಸುವ ಅಲ್ಲಿನ ಬರವಣಿಗೆ. ಎರಡನೆಯದು, ಅಲ್ಲಿನ ವಿಳಾಸದ ಕ್ರಮ. ಹೆಚ್ಚಿನ ಊರುಗಳಲ್ಲಿ ಬೀದಿಗೆ ಹೆಸರಿಲ್ಲ. ಬಡಾವಣೆಯ ಭಾಗಕ್ಕೆ ಒಂದು ಸಂಖ್ಯೆ, ಅದರೊಳಗಿನ ತುಂಡಿಗೆ ಒಂದು ಸಂಖ್ಯೆ, ಅದರೊಳಗಿನ ಕಟ್ಟಡಕ್ಕೆ ಇನ್ನೊಂದು ಸಂಖ್ಯೆ ಎಂಬಂತೆ ವಿಳಾಸ ಸಾಗುತ್ತದೆ. ಆದ್ದರಿಂದ ಸ್ಥಳೀಯರೂ ಕೂಡ ಹೊಸ ಬಡಾವಣೆಯಲ್ಲಿ ನಕ್ಷೆ ನೋಡದೆ ಮನೆ ಹುಡುಕುವುದು ಕಷ್ಟ. ಕೊಬಾನ್ ಎಂದು ಕರೆಯುವ ಪುಟ್ಟ ಪೊಲೀಸ್ ಚೌಕಿಗಳು ನಿಲ್ದಾಣಗಳ ಬಳಿಯಲ್ಲೂ ಪೇಟೆಯ ಮೂಲೆಗಳಲ್ಲೂ ಇದ್ದು, ಅಲ್ಲಿ ಸುತ್ತಲಿನ ಪ್ರದೇಶದ ವಿವರವಾದ ನಕ್ಷೆ ಇರುತ್ತದೆ. ಕಳೆದುಹೋದ ವಸ್ತುಗಳನ್ನು ಒಪ್ಪಿಸಿಕೊಳ್ಳುವುದರ ಜೊತೆಗೆ ದಾರಿ ತೋರಿಸುವುದೂ ಅಲ್ಲಿನ ಪೇದೆಯ ನಿತ್ಯದ ಕೆಲಸ. ಪ್ರವಾಸಿಯ ದೃಷ್ಟಿಯಿಂದ ಇವು ಭದ್ರತೆಗಿಂತ ಹೆಚ್ಚಾಗಿ ಮಾಹಿತಿಯ ಕೇಂದ್ರಗಳು.

ಅಕ್ಷರದ ಕಷ್ಟಕ್ಕೆ ಜಪಾನ್ ಕಂಡುಕೊಂಡ ಪರಿಹಾರ ಮಹತ್ವದ್ದು. 1964ರ ಟೋಕಿಯೊ ಒಲಿಂಪಿಕ್ಸಿಗೆ ಜಗತ್ತಿನ ಎಲ್ಲ ಕಡೆಗಳಿಂದ ಜನ ಬರುವರೆಂದು ತಿಳಿದಾಗ, ಕಲಾ ವಿಮರ್ಶಕ ಕತ್ಸುಮಿ ಮಸಾರು ಅವರ ಮುಂದಾಳತನದಲ್ಲಿ ಯುವ ವಿನ್ಯಾಸಕಾರರ ತಂಡವೊಂದು ಕ್ರೀಡೆಗಳಿಗೂ ಶೌಚಾಲಯ, ದೂರವಾಣಿ, ಪ್ರಥಮ ಚಿಕಿತ್ಸೆ ಮುಂತಾದ ಸೌಕರ್ಯಗಳಿಗೂ ಚಿತ್ರಚಿಹ್ನೆಗಳನ್ನು ರೂಪಿಸಿತು. ಈ ಚಿಹ್ನೆಗಳು ಸಮಾಜದ ಸ್ವತ್ತಾಗಲಿ ಎಂದು ಅವರು ತಮ್ಮ ಹಕ್ಕುಸ್ವಾಮ್ಯವನ್ನೂ ಬಿಟ್ಟುಕೊಟ್ಟರು. ಇಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಕ್ಷರ ಓದದೆಯೇ ಶೌಚಾಲಯದ ಬಾಗಿಲನ್ನು ಗುರುತಿಸುವವರು ಆ ಪರಂಪರೆಯ ಫಲವನ್ನೇ ಅನುಭವಿಸುತ್ತಿದ್ದಾರೆ. 2004ರಲ್ಲಿ ಟೋಕಿಯೊದ ಸುರಂಗ ರೈಲು ಪ್ರತಿಯೊಂದು ನಿಲ್ದಾಣಕ್ಕೂ ಮಾರ್ಗದ ರೋಮನ್ ಅಕ್ಷರ, ಬಣ್ಣ ಮತ್ತು ಸಂಖ್ಯೆಯನ್ನು ಕೊಟ್ಟಿತು. ಗಿಂಜಾ ಮಾರ್ಗದ ಒಂಬತ್ತನೆಯ ನಿಲ್ದಾಣ ಎಂಬುದು ಜಿ-09 ಎಂದು ಫಲಕದಲ್ಲಿ ಕಾಣುವಾಗ, ಇಳಿಯಬೇಕಾದ ನಿಲ್ದಾಣ ಇನ್ನೆಷ್ಟು ದೂರವಿದೆಯೆಂದು ಪ್ರವಾಸಿಯು ಹೆಸರನ್ನು ಉಚ್ಚರಿಸಲಾರದೆಯೂ ಎಣಿಸಿ ತಿಳಿಯಬಲ್ಲ.

ಸುದ್ದಿಯ ಮಾತಿಗೆ ಬಂದರೆ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ 1935ರಿಂದಲೇ ಹೊರದೇಶಗಳಿಗೆ ಬಾನುಲಿ ಪ್ರಸಾರ ನಡೆಸುತ್ತ ಬಂದಿದೆ. ಅದರ ವಿದೇಶಿ ಸೇವೆಯಲ್ಲಿ ಹಿಂದಿ, ಬಂಗಾಳಿ, ಉರ್ದು ಭಾಷೆಗಳೂ ಇವೆ. ದೇಶದೊಳಗೆ ಸಂಜೆ ಏಳರ ಮುಖ್ಯ ವಾರ್ತೆ ಜಪಾನೀ ಭಾಷೆಯಲ್ಲೇ ಇದ್ದರೂ ಅದರ ಜೊತೆಯಲ್ಲೇ ಎರಡನೆಯ ಧ್ವನಿವಾಹಿನಿಯಲ್ಲಿ ಇಂಗ್ಲಿಷ್ ಅನುವಾದ ಹರಿಯುತ್ತಿರುತ್ತದೆ. ಹೋಟೆಲಿನ ಕೋಣೆಯ ರಿಮೋಟಿನಲ್ಲಿ ಧ್ವನಿಯನ್ನು ಬದಲಿಸುವ ಗುಂಡಿಯೊಂದನ್ನು ಒತ್ತಿದರೆ ಅದು ಕೇಳಿಸುತ್ತದೆ. ಆದರೆ ಆ ಗುಂಡಿಯ ಮೇಲಿನ ಬರಹ ಹೆಚ್ಚಾಗಿ ಜಪಾನೀ ಲಿಪಿಯಲ್ಲಿರುವುದರಿಂದ, ಸೇವೆ ಇದ್ದೂ ಅದು ಇದೆಯೆಂಬುದು ಬೇಕಾದವನಿಗೇ ತಿಳಿಯುವುದಿಲ್ಲ. ಅತಿಥಿಗಾಗಿ ಮಾಡಿದ ಏರ್ಪಾಡು ಕೊನೆಯ ಒಂದು ಗೇಣಿನಲ್ಲಿ ಹೇಗೆ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

4. ವಿಕೋಪದ ಹೊತ್ತಿನ ಮಾತು

ಇಲ್ಲಿಯವರೆಗೆ ಹೇಳಿದ್ದು ಅನುಕೂಲ, ಅನನುಕೂಲಗಳ ವಿಚಾರ. ನಾಲ್ಕನೆಯ ಭಾಗದಲ್ಲಿ ಬರುವುದು ಪ್ರಾಣದ ವಿಚಾರವಾದುದರಿಂದ ಅದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅವಶ್ಯ.

1923ರ ಸೆಪ್ಟೆಂಬರ್ 1ರಂದು ಟೋಕಿಯೊ ಮತ್ತು ಯೊಕೊಹಾಮಾಗಳನ್ನು ನಾಶಮಾಡಿದ ಕಾಂಟೊ ಭೂಕಂಪದಲ್ಲಿ ಮಡಿದವರಲ್ಲಿ, ಹಿಂದೆ ಹೇಳಿದ ಕೈಪಿಡಿಯ ಕರ್ತೃ ಮೇಸನ್ ಕೂಡ ಒಬ್ಬ. ಪತ್ರಿಕಾಲಯಗಳು ಸುಟ್ಟು, ತಂತಿಗಳು ಕಡಿದು, ಬಾನುಲಿ ಇನ್ನೂ ಹುಟ್ಟಿರದ ಆ ದಿನಗಳಲ್ಲಿ ಸುದ್ದಿಯ ಜಾಗವನ್ನು ಗಾಳಿಮಾತು ಆಕ್ರಮಿಸಿತು. ಕೊರಿಯಾದವರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಸುಳ್ಳು ವದಂತಿ ಹಬ್ಬಿ ಸಹಸ್ರಾರು ಕೊರಿಯನ್ನರ ಕೊಲೆಯಾಯಿತು. ಜಪಾನಿನಲ್ಲಿ ಬಾನುಲಿ ಪ್ರಸಾರ ಆರಂಭವಾದದ್ದು ಇದರ ಬಳಿಕ, 1925ರ ಮಾರ್ಚಿನಲ್ಲಿ. ವಿಕೋಪದ ಹೊತ್ತಿನಲ್ಲಿ ನಂಬಲರ್ಹ ಮಾಹಿತಿ ಇಲ್ಲದಿದ್ದರೆ ಹೊರಗಿನವನು ಎರಡು ಸಲ ಅಪಾಯಕ್ಕೆ ಸಿಲುಕುತ್ತಾನೆ: ಒಮ್ಮೆ ಪ್ರಕೃತಿಯಿಂದ, ಇನ್ನೊಮ್ಮೆ ನೆರೆಯವರ ಭಯದಿಂದ.

ಈ ಪಾಠವನ್ನು ಆಚರಣೆಗೆ ತಂದದ್ದು 1995ರ ಜನವರಿ 17ರಂದು ಕೋಬೆ ನಗರದಲ್ಲಿ ಸಂಭವಿಸಿದ, 6,400ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಭೂಕಂಪದ ನಂತರ. ನಗರದ ನಾಗಾಟಾ ಭಾಗದ ಚಪ್ಪಲಿ ಕಾರ್ಖಾನೆಗಳಲ್ಲಿ ಕೊರಿಯನ್ನರೂ ವಿಯೆಟ್ನಾಂ ದೇಶದ ನಿರಾಶ್ರಿತರೂ ದುಡಿಯುತ್ತಿದ್ದರು; ನೀರು ಎಲ್ಲಿ ಕೊಡುತ್ತಾರೆ, ಆಶ್ರಯ ಎಲ್ಲಿದೆ ಎಂಬ ಪ್ರಕಟಣೆಗಳು ಅವರಲ್ಲಿ ಅನೇಕರಿಗೆ ಅರ್ಥವಾಗಲಿಲ್ಲ. ಆಗ ಸ್ವಯಂಸೇವಕರು ಕೊರಿಯನ್ ಮತ್ತು ವಿಯೆಟ್ನಾಮೀ ಭಾಷೆಗಳಲ್ಲಿ ಪುಟ್ಟ ಬಾನುಲಿ ಕೇಂದ್ರಗಳನ್ನು ನಡೆಸಿದರು. ಅವು ಮುಂದೆ ಒಂದಾಗಿ, 1996ರಲ್ಲಿ ಎಫ್‌ಎಂ ವೈ ವೈ ಎಂಬ ಬಹುಭಾಷಾ ಸಮುದಾಯ ಬಾನುಲಿಯಾಯಿತು. ಅದೇ ಸುಮಾರಿಗೆ ಒಸಾಕಾ ಮತ್ತು ಟೋಕಿಯೊಗಳಲ್ಲೂ ವಿದೇಶಿ ಭಾಷೆಗಳ ಎಫ್‌ಎಂ ಕೇಂದ್ರಗಳು ಬಂದವು.

ಇನ್ನೊಂದು ಫಲ ಇನ್ನೂ ದೂರಗಾಮಿಯಾದುದು. ಎಲ್ಲ ಪ್ರಕಟಣೆಗಳನ್ನೂ ಎಲ್ಲ ಭಾಷೆಗಳಿಗೆ ಅನುವಾದಿಸುವುದಕ್ಕೆ ವಿಕೋಪದ ಮೊದಲ ಮೂರು ದಿನಗಳಲ್ಲಿ ಸಮಯವಿರುವುದಿಲ್ಲ. ಆದ್ದರಿಂದ ಹಿರೊಸಾಕಿ ವಿಶ್ವವಿದ್ಯಾಲಯದ ಸಮಾಜಭಾಷಾ ವಿದ್ವಾಂಸ ಸಾಟೊ ಕಜುಯುಕಿ ಅವರು, ಅಲ್ಪಸ್ವಲ್ಪ ಜಪಾನೀ ಬಲ್ಲ ವಿದೇಶಿಯನಿಗೂ ತಿಳಿಯುವಂಥ ಸರಳ ಜಪಾನೀ ಭಾಷೆಯ ನಿಯಮಗಳನ್ನು ರೂಪಿಸುವ ಕೆಲಸದಲ್ಲಿ ತೊಡಗಿದರು. ವಾಕ್ಯ ಚಿಕ್ಕದಾಗಿರಬೇಕು, ಕಚೇರಿಯ ಬಿಗುವಿನ ಮಾತು ಇರಬಾರದು, ಸುನಾಮಿಯಂಥ ಅನಿವಾರ್ಯ ಶಬ್ದವನ್ನು ಉಳಿಸಿಕೊಂಡು ಪಕ್ಕದಲ್ಲೇ ಬಹಳ ಎತ್ತರದ ಅಲೆ ಎಂದು ವಿವರಿಸಬೇಕು ಎಂಬುವು ಅವುಗಳಲ್ಲಿ ಕೆಲವು. ಈ ಕ್ರಮವನ್ನು ನಗರಸಭೆಗಳು ಕ್ರಮೇಣ ಅಳವಡಿಸಿಕೊಂಡವು. ಎನ್‌ಎಚ್‌ಕೆ 2012ರಲ್ಲಿ ಮಕ್ಕಳಿಗೂ ವಿದೇಶಿಯರಿಗೂ ಅರ್ಥವಾಗುವಂಥ ಸರಳ ವಾರ್ತೆಯನ್ನು ಆರಂಭಿಸಿತು.

ಎಚ್ಚರಿಕೆಯ ತಂತ್ರಜ್ಞಾನವೂ ಇದರ ಜೊತೆಗೇ ಬೆಳೆಯಿತು. ಭೂಮಿ ನಡುಗಿದಾಗ ವೇಗವಾದ, ಸೌಮ್ಯವಾದ ಅಲೆ ಮೊದಲು ಬಂದು, ನಿಧಾನವಾದ ವಿನಾಶಕಾರಿ ಅಲೆ ಹಿಂದಿನಿಂದ ಬರುತ್ತದೆ. ಮೊದಲ ಅಲೆಯನ್ನು ಯಂತ್ರಗಳು ಗುರುತಿಸಿ ಎರಡನೆಯದು ಮುಟ್ಟುವ ಕೆಲವು ಸೆಕೆಂಡುಗಳ ಮೊದಲೇ ಜನರನ್ನು ಎಚ್ಚರಿಸುವ ವ್ಯವಸ್ಥೆ 2007ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ದೊರೆಯಿತು. ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಧಾನದಲ್ಲಿ ಗೋಪುರವು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಸಂಖ್ಯೆ ತಿಳಿಯದೆಯೇ ಏಕಕಾಲಕ್ಕೆ ಸಂದೇಶವನ್ನು ಬಿತ್ತರಿಸುತ್ತದೆ. ಆದ್ದರಿಂದ ಅದು ಹೊಂದಿಕೆಯಾಗುವ ಪ್ರವಾಸಿಯ ಫೋನನ್ನೂ ಮುಟ್ಟಬಲ್ಲದು. ದೂರದರ್ಶನದಲ್ಲಿ ಈ ಎಚ್ಚರಿಕೆಗೆ ಬಳಸುವ ಗಂಟೆಯ ನಾದವನ್ನು ಇಫುಕುಬೆ ತೋರು ಎಂಬ ವಿಜ್ಞಾನಿ, ಕಿವಿ ಮಂದವಾದವರಿಗೂ ಕೇಳಿಸಬೇಕು, ಬೇರಾವ ಸದ್ದಿನೊಡನೆಯೂ ಬೆರೆಯಬಾರದು ಎಂಬ ಎಚ್ಚರದಿಂದ ರೂಪಿಸಿದರು. ನಾದಕ್ಕೆ ಭಾಷೆಯ ಹಂಗಿಲ್ಲ. ಆದರೆ ಅದರ ಹಿಂದೆ ಬರುವ ಬರಹ ಜಪಾನೀ ಭಾಷೆಯಲ್ಲಿದ್ದರೆ ಪ್ರವಾಸಿಯು ಬೆದರುತ್ತಾನೆ, ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇದನ್ನು ಸರಿಪಡಿಸಲು ಪ್ರವಾಸೋದ್ಯಮ ಇಲಾಖೆಯು 2014ರಲ್ಲಿ ವಿದೇಶಿಯರಿಗೆ ತಿಳಿಯುವ ಭಾಷೆಯಲ್ಲಿ ಭೂಕಂಪ, ಸುನಾಮಿಗಳ ಎಚ್ಚರಿಕೆ ನೀಡುವ ಸೇಫ್ಟಿ ಟಿಪ್ಸ್ ಎಂಬ ಉಚಿತ ಆ್ಯಪನ್ನು ಹೊರತಂದಿತು.

2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ ಕರೆಗಳ ನೂಕುನುಗ್ಗಲನ್ನು ತಡೆಯಲು ಕಂಪನಿಗಳು ಮೊಬೈಲ್ ಧ್ವನಿ ಕರೆಗಳನ್ನು ಗರಿಷ್ಠ ಶೇ. 70ರಿಂದ 95ರಷ್ಟು ನಿರ್ಬಂಧಿಸಬೇಕಾಯಿತು. ಜನ ಸಾರ್ವಜನಿಕ ದೂರವಾಣಿಗಳ ಮುಂದೆ ಸಾಲುಗಟ್ಟಿದರು. ಧ್ವನಿ ಕರೆ ಸಿಗದಿದ್ದಾಗಲೂ ಅಂತರ್ಜಾಲದ ಸಂದೇಶಗಳು ಹೋಗುತ್ತಿದ್ದವೆಂಬ ಅನುಭವದಿಂದ, ವಿಕೋಪದಲ್ಲಿ ಎಲ್ಲ ಕಂಪನಿಗಳೂ ತಮ್ಮ ವೈ-ಫೈಯನ್ನು ಒಂದೇ ಹೆಸರಿನಲ್ಲಿ ಯಾರಿಗಾದರೂ ಉಚಿತವಾಗಿ ತೆರೆದಿಡುವ ಒಪ್ಪಂದ ರೂಪುಗೊಂಡು, 2016ರ ಏಪ್ರಿಲಿನ ಕುಮಾಮೊಟೊ ಭೂಕಂಪದಲ್ಲಿ ಮೊದಲ ಬಾರಿ ಬಳಕೆಗೆ ಬಂತು. ಐದು ಸೊನ್ನೆಗಳ ನಂತರ ಜಪಾನ್ ಎಂದು ಬರೆದ ಆ ಹೆಸರು ಫೋನಿನ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಗುಪ್ತಪದ ಬೇಡ, ನೋಂದಣಿ ಬೇಡ. ಅದಕ್ಕೆ ಗೂಢಲಿಪಿಯ ರಕ್ಷಣೆ ಇಲ್ಲವಾದ್ದರಿಂದ ಬ್ಯಾಂಕ್ ವ್ಯವಹಾರಕ್ಕೆ ಮಾತ್ರ ಅದನ್ನು ಬಳಸಬಾರದು.

ಇಷ್ಟೆಲ್ಲ ಆದ ಮೇಲೂ 2018ರ ಸೆಪ್ಟೆಂಬರ್ ಮೊದಲ ವಾರ ಹೊಸ ಪರೀಕ್ಷೆಯನ್ನು ಒಡ್ಡಿತು. 4ರಂದು ಚಂಡಮಾರುತದಲ್ಲಿ ತೇಲಿಬಂದ ತೈಲದ ಹಡಗೊಂದು ಸೇತುವೆಗೆ ಬಡಿದು ಕನ್ಸಾಯ್ ವಿಮಾನ ನಿಲ್ದಾಣದ ದ್ವೀಪದಲ್ಲಿ ಸಾವಿರಾರು ಜನ ಸಿಕ್ಕಿಹಾಕಿಕೊಂಡರು. 6ರಂದು ಭೂಕಂಪದಿಂದ ಹೊಕ್ಕೈಡೊ ದ್ವೀಪಕ್ಕೆ ದ್ವೀಪವೇ ಕತ್ತಲಾಯಿತು. ವಿದ್ಯುತ್ತಿಲ್ಲದೆ ಫೋನಿನ ಬ್ಯಾಟರಿ ಮುಗಿದಾಗ ಆ್ಯಪುಗಳೆಲ್ಲ ನಿರುಪಯೋಗಿಯಾದವು. ರೈಲು ಎಂದು ಹೊರಡುತ್ತದೆ, ರಾತ್ರಿ ಎಲ್ಲಿ ಮಲಗಬಹುದು ಎಂದು ಹೇಳುವವರಿಲ್ಲದೆ ವಿದೇಶಿ ಪ್ರವಾಸಿಗರು ಪರದಾಡಿದರು. ಇದರ ಬೆನ್ನಿಗೇ ಸರ್ಕಾರವು ಪ್ರವಾಸಿಗರ ದೂರವಾಣಿ ನೆರವನ್ನು ಇಂಗ್ಲಿಷ್, ಚೀನೀ, ಕೊರಿಯನ್ ಭಾಷೆಗಳಲ್ಲಿ ದಿನದ 24 ಗಂಟೆಗೂ ವಿಸ್ತರಿಸಿತು. 2024ರ ಜನವರಿ 1ರಂದು ನೊಟೊ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾದಾಗ ಎನ್‌ಎಚ್‌ಕೆಯ ಪರದೆಯ ಮೇಲೆ ದೊಡ್ಡದಾಗಿ ಕಂಡದ್ದು, ಸುನಾಮಿ, ಓಡಿ ಎಂಬ ಅರ್ಥದ ಸರಳ ಜಪಾನೀ ಬರಹ ಮತ್ತು ಅದರ ಜೊತೆಗೆ ಇಂಗ್ಲಿಷಿನ ಒಂದು ಪದ. ವಾರ್ತಾ ವಾಚಕಿಯ ಸೌಮ್ಯ ಧ್ವನಿ ಆಜ್ಞೆಯ ಧ್ವನಿಯಾಗಿ ಬದಲಾಗಿತ್ತು. ಕೋಬೆಯಿಂದ ನೊಟೊವರೆಗಿನ 29 ವರ್ಷಗಳ ಕಲಿಕೆ ಆ ಪರದೆಯ ಮೇಲಿತ್ತು.

5. ಉಪಸಂಹಾರ

ಈ ನಾಲ್ಕು ಭಾಗಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ನಿಚ್ಚಳವಾಗುತ್ತದೆ. ಜಪಾನಿನಲ್ಲಿ ಪ್ರವಾಸಿಗೆ ನಿಜವಾಗಿ ನೆರವಾದವು ಅತ್ಯಂತ ದುಬಾರಿ ಸಾಧನಗಳಲ್ಲ. ನಿಲ್ದಾಣದ ಸಂಖ್ಯೆ, ಚಿತ್ರಚಿಹ್ನೆ, ಚೌಕಿಯ ನಕ್ಷೆ, ಸರಳ ವಾಕ್ಯ, ಗುಪ್ತಪದವಿಲ್ಲದ ವೈ-ಫೈ ಮುಂತಾದವು. ಇವೆಲ್ಲವೂ ಹುಟ್ಟಿದ್ದು, ಭಾಷೆ ಬಾರದವನೊಬ್ಬ ಇಲ್ಲಿ ನಿಂತರೆ ಅವನಿಗೆ ಏನು ತಿಳಿಯುತ್ತದೆ ಎಂದು ಯಾರೋ ಒಬ್ಬರು ಕೇಳಿಕೊಂಡದ್ದರಿಂದ.

ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಲ್ಲ. ಹಂಪಿ, ಪಟ್ಟದಕಲ್ಲುಗಳ ಜೊತೆಗೆ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳೂ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ದೇಶದ 112 ಎಂಬ ತುರ್ತು ಸಂಖ್ಯೆಯೂ, ಜಪಾನೀ ಸೇರಿದಂತೆ 12 ಭಾಷೆಗಳಲ್ಲಿ ನೆರವು ನೀಡುವ 1363 ಎಂಬ ಪ್ರವಾಸಿ ಸಹಾಯವಾಣಿಯೂ ಇವೆ. ಜಿ-20 ದೇಶಗಳ ಪ್ರವಾಸಿಗರಿಗೆ ಬೆಂಗಳೂರು ಸೇರಿ ಮೂರು ವಿಮಾನ ನಿಲ್ದಾಣಗಳಲ್ಲಿ ಯುಪಿಐ ಪಾವತಿಯ ಸೌಲಭ್ಯವನ್ನು 2023ರಲ್ಲೇ ಪ್ರಕಟಿಸಲಾಯಿತು. ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯ ಪ್ರಯೋಗವೂ ರಾಜ್ಯದಲ್ಲಿ ನಡೆದಿದೆ. ಸಾಧನಗಳಿಗೆ ಕೊರತೆಯಿಲ್ಲ. ಆದರೆ ಇಲ್ಲಿಯೂ ಬಹಳಷ್ಟು ಸೇವೆಗಳು ಭಾರತದ ಮೊಬೈಲ್ ಸಂಖ್ಯೆಗೆ ಬರುವ ಒಟಿಪಿಯನ್ನು ಕೇಳುತ್ತವೆ, ಅದಿಲ್ಲದ ಅತಿಥಿ ಹೊರಗೇ ಉಳಿಯುತ್ತಾನೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಕೊಡಗಿನಂಥ ಜಿಲ್ಲೆಯಲ್ಲಿ ಹೋಂಸ್ಟೇಗಳಲ್ಲಿ ತಂಗಿರುವವರಿಗೂ ತೋಟಗಳಿಗೆ ಕೆಲಸಕ್ಕೆ ಬಂದ ಪರರಾಜ್ಯದವರಿಗೂ ತಿಳಿಯುವ ಭಾಷೆಯಲ್ಲಿ ಎಚ್ಚರಿಕೆ ಹೋಗಬೇಕಾಗುತ್ತದೆ.

ಆದ್ದರಿಂದ ಈ ಸಂಸ್ಥೆಯ ಭಾಷಾ ವಿಭಾಗಗಳಲ್ಲಿ ಓದುತ್ತಿರುವವರಲ್ಲಿ ಒಂದು ವಿನಂತಿ. ವಿಕೋಪದ ಪ್ರಕಟಣೆಗಳಿಗೆ ಸರಳ ಕನ್ನಡದ ಒಂದು ಮಾದರಿಯನ್ನು, ಚಿಕ್ಕ ವಾಕ್ಯಗಳಲ್ಲಿ, ಕಚೇರಿಯ ಭಾಷೆಯ ಭಾರವಿಲ್ಲದೆ ಸಿದ್ಧಪಡಿಸುವ ಕೆಲಸ ಅಧ್ಯಯನಕ್ಕೆ ಅರ್ಹವಾದುದು. ಅದು ಅನುವಾದಕ್ಕೂ ಸುಲಭ, ಕನ್ನಡವನ್ನು ಈಗತಾನೆ ಕಲಿಯುತ್ತಿರುವವರಿಗೂ ಉಪಯುಕ್ತ, ಕನ್ನಡಿಗರಿಗೂ ಹಿತ. ಹಿರೊಸಾಕಿಯ ಒಂದು ವಿಶ್ವವಿದ್ಯಾಲಯ ಮಾಡಿದ ಕೆಲಸವನ್ನು ಕರ್ನಾಟಕದ ವಿಶ್ವವಿದ್ಯಾಲಯಗಳು ಮಾಡಲಾರವೆನ್ನಲು ಕಾರಣವೇನೂ ಇಲ್ಲ. ಮುಂದಿನ ಮಳೆಗಾಲದೊಳಗೆ ಅದು ಆರಂಭವಾಗಲಿ.